ಹಳದಿ ಕಾರಿನ ಪಕ್ಕದ ಸೀಟು

ಕಾರು ಮಾರುತ್ತೇನೆ ಎಂದು ಮಾತು ಕೊಟ್ಟ ದಿನದಿಂದ ನನಗೆ ಮೈಯೆಲ್ಲ ಉರಿ. ಮಾತು ಕೊಟ್ಟಿದ್ದು ಬೇರೆ ಯಾರಿಗೂ ಅಲ್ಲ, ಕಟ್ಟಿಕೊಂಡ ಗಂಡನಿಗೆ. ಅವರೇನು ಹಟ ಹಿಡಿದಿರಲಿಲ್ಲ, ಕೂಗಾಡಿರಲಿಲ್ಲ. ಕೂಗಾಡಿದ್ದರೆ ನನಗೇ ಸುಲಭವಾಗುತ್ತಿತ್ತು. ಕೂಗಾಟದಲ್ಲಿ ನನ್ನನ್ನು ಗೆಲ್ಲುವವರು ಈ ಊರಲ್ಲಿ ಇನ್ನೂ ಹುಟ್ಟಿಲ್ಲ. ಅವರು ಹಾಸಿಗೆಯಿಂದ ಏಳಲು ಗೋಡೆ ಹಿಡಿದುಕೊಂಡು, ಒಂದು ಕಾಲು ಕೆಳಗಿಟ್ಟು, ಇನ್ನೊಂದು ಕಾಲನ್ನು ಕೈಯಿಂದಲೇ ಎತ್ತಿ ಇಳಿಸಿ, "ಕೊಟ್ಬಿಡೋಣ್ವಾ ಅದನ್ನ?" ಎಂದರು, ಅಷ್ಟೇ. ಕೈಯಲ್ಲಿ ಎತ್ತಿಟ್ಟ ಆ ಕಾಲು ನೋಡಿ ನನ್ನ ಬಾಯಿಂದ "ಹೂಂ, ಕೊಡೋಣ" ಎಂದು ಬಂದೇಬಿಟ್ಟಿತು. ಆಡಿಬಿಟ್ಟ ಮೇಲೆ ಇನ್ನೇನು ಮಾಡಲಿ?

ನಾನು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವಳು. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಕಾರು ಕಲಿಸುವವಳೆಂದರೆ ದಿನವಿಡೀ ಕಾರು ಓಡಿಸುವವಳು ಎಂದು ಜನ ತಿಳಿದಿದ್ದಾರೆ. ಶುದ್ಧ ಸುಳ್ಳು. ಓಡಿಸುವುದು ಕಲಿಯಲು ಬಂದವರು. ನಾನು ಬೆಳಗ್ಗೆ ಏಳರಿಂದ ಸಂಜೆ ಐದರವರೆಗೆ ಪಕ್ಕದ ಸೀಟಿನಲ್ಲಿ ಜೀವ ಕೈಯಲ್ಲಿ ಹಿಡಿದು ಕೂರುವವಳು. ನನ್ನ ಕಾಲ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತವೆ. ಅವರು ಮರೆತದ್ದನ್ನು ನಾನು ಒತ್ತಬೇಕು. ಕಲಿಯುವವರು ನನಗಿಟ್ಟ ಹೆಸರು ಬ್ರೇಕಮ್ಮ. ನನ್ನೆದುರಿಗೆ ಯಾರೂ ಹಾಗೆ ಕರೆಯುವುದಿಲ್ಲ, ಆದರೆ ನನಗೇನು ಕಿವಿ ಇಲ್ಲವೇ?

ದಿನಕ್ಕೆ ಹತ್ತು ಜನ, ವೇಗ ಇಪ್ಪತ್ತಕ್ಕೆ ಮೇಲಿಲ್ಲ. "ಕನ್ನಡಿ ನೋಡಿ. ಕ್ಲಚ್ ಬಿಡಿ, ನಿಧಾನ. ನಿಧಾನ ಅಂದ್ರೆ ಪೂರ್ತಿ ನಿಲ್ಲಿಸೋದಲ್ಲ ಕಣ್ರೀ! ಅಯ್ಯೋ, ಆ ಕಡೆ ಅಲ್ಲ!" ಸಂಜೆ ಮನೆ ಸೇರುವ ಹೊತ್ತಿಗೆ ಗಂಟಲು ಮರಳು ಕಾಗದದಂತಾಗಿರುತ್ತದೆ. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಮಾತನ್ನೂ ಅಲ್ಲೇ ಬಿಟ್ಟು ಒಳಗೆ ಬರುವವಳು ನಾನು. ನಮ್ಮವರು ಏನಾದರೂ ಕೇಳಿದರೆ ತಲೆ ಆಡಿಸುತ್ತೇನೆ, ಇಲ್ಲವೇ ಕೈಸನ್ನೆ ಮಾಡುತ್ತೇನೆ. ಅವರು ಕನ್ನಡಕದ ಅಂಗಡಿಯಲ್ಲಿ ಗಾಜು ತೇಯುವವರು. ಕೂದಲೆಳೆ ಹೆಚ್ಚುಕಮ್ಮಿಯಾದರೂ ಗಾಜು ಕೆಡುತ್ತದೆ ಎಂದು ಉಸಿರು ಬಿಗಿಹಿಡಿದು ಮಾಡುವ ಕೆಲಸ. ಅವರಿಗೂ ಮಾತು ಕಡಿಮೆ. ಹೀಗಾಗಿ ನಮ್ಮ ಮನೆಯಲ್ಲಿ ಸಂಜೆ ಕುಕ್ಕರ್ ಒಂದೇ ಬಾಯಿ ಬಿಡುವುದು.

ನಾಲ್ಕು ವರ್ಷದ ಹಿಂದೆ, ನಲವತ್ತೇಳನೆಯ ವಯಸ್ಸಿನಲ್ಲಿ, ನಾನು ಆ ಹಳದಿ ಹ್ಯಾಚ್‌ಬ್ಯಾಕ್ ತಂದೆ. ಸೆಕೆಂಡ್ ಹ್ಯಾಂಡ್. ಚಿಕ್ಕ ಕಾರು, ದೊಡ್ಡ ಎಂಜಿನ್ನು. ಹಿಂದಿನ ಮಾಲೀಕ ಅದಕ್ಕೆ ರೇಸಿನ ಕಾರಿನವರಂತೆ ಎರಡೂ ಕಡೆ ಮೈ ತಬ್ಬಿ ಹಿಡಿಯುವ ಸೀಟುಗಳನ್ನು ಹಾಕಿಸಿ, ನೆಲಕ್ಕೆ ತಾಗುವಷ್ಟು ಬುಡ ಇಳಿಸಿ, ಸೈಲೆನ್ಸರ್ ಬದಲಾಯಿಸಿ, ಹೆಂಡತಿಯ ಕೈಲಿ ಬೈಸಿಕೊಂಡು ಮಾರಿದ್ದ. ಕೀ ಕೈಗೆ ಬಂದ ದಿನವೇ ನಾನೊಂದು ಪಣ ತೊಟ್ಟೆ. ಈ ಕಾರಿನಲ್ಲಿ ನಾನು ಸತ್ತರೂ ಪಕ್ಕದ ಸೀಟಿನಲ್ಲಿ ಕೂರುವುದಿಲ್ಲ. ಹಗಲೆಲ್ಲ ಬೇರೆಯವರ ಪಕ್ಕ ಕೂತು ಸವೆದಿದ್ದೇನೆ, ನನ್ನ ಕಾರಿನಲ್ಲಿ ಸ್ಟಿಯರಿಂಗ್ ನನ್ನದೇ. ಕೂರಲೂ ಇಲ್ಲ. ಒಂದು ಸಲವೂ ಇಲ್ಲ.

ಕಾರಿನ ಗುಣಗಾನ ಮಾಡುವವರು ಮೊದಲು ಅದರ ರೋಗಗಳನ್ನು ಹೇಳಬೇಕು. ಬೆಳಗ್ಗೆ ಎರಡನೇ ಗೇರು ಬೀಳುವುದಿಲ್ಲ. ಮುದ್ದು ಮಾಡಿ, ಬೈದು, ಮತ್ತೆ ಮುದ್ದು ಮಾಡಿದ ಮೇಲೆ ಕಟಕ್ ಎನ್ನುತ್ತದೆ. ಹಿಂಬಾಗಿಲು ಎತ್ತಿದರೆ ನಿಲ್ಲುವುದಿಲ್ಲ, ನೆಲ ಒರೆಸುವ ಕೋಲು ಆಸರೆ ಕೊಡಬೇಕು. ಆ ಕೋಲು ಜಾರಿ ಬಾಗಿಲು ನನ್ನ ತಲೆಯ ಮೇಲೆ ಎಷ್ಟು ಸಲ ಬಿದ್ದಿದೆಯೋ ಲೆಕ್ಕವಿಲ್ಲ. ರಸ್ತೆಯ ಉಬ್ಬು ಕಂಡರೆ ಮೂತಿ ಕೆರೆಯದಿರಲೆಂದು ಏಡಿಯ ಹಾಗೆ ಓರೆಯಾಗಿ ದಾಟಬೇಕು, ಹಿಂದಿನವರು ಹಾರ್ನ್ ಹೊಡೆದು ಶಪಿಸುತ್ತಾರೆ. ಎಂಜಿನ್ನಿನ ಹಳದಿ ದೀಪ ನಾಲ್ಕು ವರ್ಷದಿಂದ ಆರಿಲ್ಲ. ಮೆಕ್ಯಾನಿಕ್ಕನನ್ನು ಕೇಳಿದರೆ "ಹ್ಞೂಂ" ಎನ್ನುತ್ತಾನೆ. ಏನು ಕೇಳಿದರೂ ಅಷ್ಟೇ ಎನ್ನುವುದರಿಂದ ಅವನಿಗೆ ಹ್ಞೂಂಕಾರ ಎಂದೇ ಹೆಸರು. ಇನ್ನು ಸಸ್ಪೆನ್ಷನ್ ಎಂಬುದು ಆ ಕಾರಿನಲ್ಲಿ ಹೆಸರಿಗೆ ಮಾತ್ರ. ರಸ್ತೆಯಲ್ಲಿ ಬಿದ್ದ ಬೆಂಕಿಕಡ್ಡಿಯ ಮೇಲೆ ಹೋದರೂ ಕಡ್ಡಿಯ ಯಾವ ತುದಿಯಲ್ಲಿ ಮದ್ದಿತ್ತು ಎಂದು ಹೇಳಬಹುದು.

ನನ್ನ ತಂಗಿ ಒಂದೇ ಒಂದು ದಿನ ಅದರಲ್ಲಿ ಕೂತಳು. ಇಳಿದವಳು ಸೊಂಟ ಹಿಡಿದುಕೊಂಡು, "ಇದೇನೇ ಇದು, ಕಾರಾ, ಒರಳಾ? ಮೈಯೆಲ್ಲ ಕುಟ್ಟಿ ಪುಡಿ ಮಾಡ್ತು" ಎಂದಳು. ಆಮೇಲೆ ನಮ್ಮವರ ಕಡೆ ತಿರುಗಿ, "ಭಾವ, ಸವತಿ ಬರೋದು ಹೆಂಗಸರಿಗೆ ಅಂದ್ಕೊಂಡಿದ್ದೆ. ನಿಮಗೂ ಒಂದು ಬಂತು ನೋಡಿ, ಹಳದಿ ಬಣ್ಣದ್ದು" ಎಂದಳು. ನಮ್ಮವರು ನಕ್ಕರು. ನಾನು ನಗಲಿಲ್ಲ. ಕಾರಿನ ಮೇಲೆ ಯಾರು ಏನು ಹೇಳಿದರೂ ನನಗೆ ಮೂಗಿನ ತುದಿಗೇ ಸಿಟ್ಟು.

ಯಾಕೆಂದರೆ ಅವರ್ಯಾರಿಗೂ ಆ ರಸ್ತೆ ಗೊತ್ತಿಲ್ಲ. ನೀರು ಶುದ್ಧ ಮಾಡುವ ಕಟ್ಟಡ ದಾಟಿದರೆ ಒಂದು ಹೊಸ ರಸ್ತೆ ಇದೆ, ಮನೆ ಇಲ್ಲ, ಅಂಗಡಿ ಇಲ್ಲ, ಉಬ್ಬಿಲ್ಲ. ಮೊದಲು ನೇರ, ಆಮೇಲೆ ಒಂದು ಏರು, ಏರಿನ ತಲೆಯಲ್ಲಿ ಒಂದರ ಹಿಂದೆ ಒಂದು ಎರಡು ತಿರುವು. ಮೂರನೇ ಗೇರಿನಲ್ಲಿ ಕಾಲು ಒತ್ತಿದರೆ ಆ ಮುದಿ ಎಂಜಿನ್ನು ಗಂಟಲು ಸರಿಮಾಡಿಕೊಂಡು ಹಾಡಲು ಶುರುಮಾಡುತ್ತದೆ. ತಿರುವಿನಲ್ಲಿ ಸ್ಟಿಯರಿಂಗನ್ನು ಎರಡು ಬೆರಳಷ್ಟು ತಿರುಗಿಸಿದರೆ ಸಾಕು, ನಾನು ಅಂದುಕೊಂಡ ಜಾಗಕ್ಕೆ, ಅಂದುಕೊಂಡ ಗಳಿಗೆಗೆ, ಇಡೀ ಕಾರು ಬಂದು ನಿಲ್ಲುತ್ತದೆ. ವಾರದಲ್ಲಿ ಅರವತ್ತು ಜನರ ತಪ್ಪು ಕ್ಲಚ್ಚು ತಿಂದ ಮೈಗೆ ಅದೇನು ಸುಖ ಎಂದು ಹೇಗೆ ಹೇಳಲಿ? ಖುಷಿ, ಅಷ್ಟೇ. ಬೊಬ್ಬೆ ಹೊಡೆಯುವಷ್ಟು ಖುಷಿ.

ಪ್ರತಿ ಭಾನುವಾರ ಬೆಳಗ್ಗೆ ಒಂದು ಗಂಟೆ ಆ ರಸ್ತೆಯಲ್ಲಿ ನಾನು, ಪಕ್ಕದಲ್ಲಿ ನಮ್ಮವರು. ನಾನು ಬನ್ನಿ ಎಂದು ಕರೆದವಳಲ್ಲ, ಬೇಡ ಎಂದವಳೂ ಅಲ್ಲ. ಅವರೇ ತಯಾರಾಗಿ ಬಂದು ಕೂರುತ್ತಿದ್ದರು. ಎರಡನೇ ತಿಂಗಳಿಂದ ಒಂದು ಚಿಕ್ಕ ದಿಂಬನ್ನೂ ಬೆನ್ನಿಗಿಟ್ಟುಕೊಳ್ಳಲು ತರತೊಡಗಿದರು. ದಿಂಬು ನೋಡಿದರೆ ನನಗೆ ರೇಗುತ್ತಿತ್ತು. ಇಂಥ ಕಾರಿನಲ್ಲಿ ದಿಂಬು! ಮದುವೆಯ ಮಂಟಪಕ್ಕೆ ಲುಂಗಿಯಲ್ಲಿ ಬಂದ ಹಾಗೆ. ಆದರೂ ಬಾಯಿ ಮುಚ್ಚಿಕೊಂಡಿದ್ದೆ.

ಕಳೆದ ಆರು ತಿಂಗಳಿಂದ ಅವರ ಬೆನ್ನು ಕೆಟ್ಟಿತು. ಮೊದಲು ಸೊಂಟ, ಆಮೇಲೆ ತೊಡೆ, ಆಮೇಲೆ ಹಿಮ್ಮಡಿಯವರೆಗೆ ಎಳೆತ. ವ್ಯಾಯಾಮ ಮಾಡಿಸುವ ಫಿಸಿಯೋ ಬಾಯಿ ಜೋರಿನ ಹೆಂಗಸು, ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು, "ಎಂಥ ಕಾರು ನಿಮ್ದು?" ಎಂದು ಕೇಳಿದಳು. ನಾನು ಹೆಸರು ಹೇಳಿದೆ. "ಅದಾ! ಅದರಲ್ಲಿ ಕೂತ್ಕೊಂಡು ಬೆನ್ನು ನೋವು ಅಂತೀರಾ? ಮೊದಲು ಅದನ್ನ ಮನೆಯಿಂದ ಆಚೆ ಹಾಕಿ" ಎಂದಳು. ನನಗೆ ಅವಳ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಮಾರನೆಯ ಬೆಳಗ್ಗೆಯೇ ಅವರು ಹಾಸಿಗೆಯಲ್ಲಿ ಕೂತು ಆ ಮಾತು ಕೇಳಿದ್ದು, ನಾನು ಹೂಂ ಎಂದಿದ್ದು.

ಕಾರು ನೋಡಲು ಹಲ್ಲಿನ ಡಾಕ್ಟರೊಬ್ಬಳು ಭಾನುವಾರ ಬೆಳಗ್ಗೆ ಬಂದಳು. ಮೂವತ್ತರ ಒಳಗಿನವಳು, ಬಿಳಿ ಷೂ, ಕೈಯಲ್ಲಿ ನೀರಿನ ಬಾಟಲಿ. ಬಂದವಳೇ ಕಾರಿನ ಸುತ್ತ ಒಂದು ಸುತ್ತು ಹಾಕಿ, ಬಾಯಿ ತೆರೆದ ರೋಗಿಯನ್ನು ನೋಡುವಂತೆ ಬಾನೆಟ್ಟಿನೊಳಗೆ ಇಣುಕಿದಳು. ನಾನು ಮುಚ್ಚುಮರೆಯಿಲ್ಲದೆ ಎಲ್ಲ ರೋಗವನ್ನೂ ಹೇಳಿದೆ. ಎರಡನೇ ಗೇರು, ಹಿಂಬಾಗಿಲು, ದೀಪ, ಮೂತಿ. ಸುಳ್ಳೇಕೆ, ಕೇಳಿ ಹೆದರಿ ಓಡಿಹೋಗಲಿ ಎಂಬ ಆಸೆಯೂ ಇತ್ತು. ಅವಳು ಹೆದರಲಿಲ್ಲ. "ಎಲ್ಲಾ ಗೊತ್ತು ಬಿಡಿ, ಈ ಕಾರೇ ಹೀಗೆ. ಅದಕ್ಕೇ ನನಗೆ ಇಷ್ಟ. ಒಂದು ರೌಂಡ್ ಓಡಿಸಲಾ?" ಎಂದಳು.

ನಮ್ಮವರು ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದರು. ಅವಳು ಸ್ಟಿಯರಿಂಗ್ ಹಿಂದೆ ಕೂತಳು. ನಾನು ಎಲ್ಲಿ ಕೂರಲಿ? ಹಿಂದಿನ ಸೀಟಿನಲ್ಲಿ ಬೆಕ್ಕು ಕೂರಬಹುದು, ಮನುಷ್ಯರು ಕೂರುವ ಹಾಗಿಲ್ಲ. ಹಲ್ಲು ಕಚ್ಚಿಕೊಂಡು, ನಾಲ್ಕು ವರ್ಷದಲ್ಲಿ ಮೊದಲ ಸಲ, ನನ್ನ ಕಾರಿನ ಪಕ್ಕದ ಸೀಟಿನಲ್ಲಿ ಕೂತೆ.

ಕಾರು ಬೀದಿ ದಾಟುವುದರೊಳಗೆ ನನ್ನ ಕಾಲು ಇಲ್ಲದ ಬ್ರೇಕನ್ನು ಹುಡುಕುತ್ತಿತ್ತು. "ಕನ್ನಡಿ ನೋಡಿ" ಎಂದೆ. "ನೋಡ್ತಿದೀನಿ ಆಂಟಿ" ಎಂದಳು. "ಗೇರ್ ಎಳೀಬೇಡಿ, ಮಗುವಿನ ಕೈ ಹಿಡಿದ ಹಾಗೆ ಹಿಡೀರಿ." "ಸರಿ ಆಂಟಿ." "ಮುಂದೆ ಸೈಕಲ್ಲು!" ಕಾರಿನ ನೆಲ ತೂತಾಗುವ ಹಾಗೆ ಒತ್ತಿದೆ. ಸೈಕಲ್ಲು ಇನ್ನೂ ಅರ್ಧ ಬೀದಿ ದೂರವಿತ್ತು. ಅವಳು ಕಿಸಕ್ಕನೆ ನಕ್ಕಳು. ಓಡಿಸುವುದು ಚೆನ್ನಾಗಿಯೇ ಓಡಿಸುತ್ತಿದ್ದಳು, ಅದು ಇನ್ನೂ ಹೊಟ್ಟೆಯುರಿ. ನನ್ನ ಕಾರು ಬೇರೆಯವರ ಕೈಯಲ್ಲಿ ಅಷ್ಟು ಬೇಗ ಹೇಳಿದ ಮಾತು ಕೇಳಬಾರದಿತ್ತು.

ಮೊದಲ ಉಬ್ಬು ಬಂತು. ಓರೆಯಾಗಿ ದಾಟಬೇಕೆಂದು ಹೇಳಲು ಮರೆತೆ, ಅವಳು ನೇರವಾಗಿಯೇ ದಾಟಿಸಿದಳು. ಧಡ್ ಎಂದು ಕಾರು ಇಳಿಯಿತು. ನನ್ನ ಬೆನ್ನಿಗೆ, ಸರಿಯಾಗಿ ಸೊಂಟದ ಮೇಲಿನ ಮೂಳೆಗೆ, ಯಾರೋ ಕಬ್ಬಿಣದ ಗೂಟ ಇಟ್ಟು ಗುದ್ದಿದಂತಾಯಿತು. "ಅಮ್ಮಾ!" ಎಂದು ಕಿರುಚಿದೆ. ಕಣ್ಣಲ್ಲಿ ನೀರು ಬಂದುಬಿಟ್ಟಿತು.

"ಏನಾಯ್ತು?" ಎಂದು ಅವಳು ಹೆದರಿದಳು.

"ಏನಿಲ್ಲ. ಹೋಗಿ."

ಮುಂದೆ ಒಂದು ಸಣ್ಣ ಗುಂಡಿ. ಮತ್ತೆ ಅದೇ ಜಾಗಕ್ಕೆ, ಅದೇ ಗೂಟ. ನನ್ನ ಸೀಟಿನಲ್ಲಿ ಕಾರು ಕುಲುಕುವುದು ನನಗೆ ಗೊತ್ತು, ಎಲುಬು ಅಲ್ಲಾಡುವುದು ಗೊತ್ತು. ಇದು ಕುಲುಕಾಟವಲ್ಲ. ಇದು ಬೇರೆ ಏನೋ. "ನಿಲ್ಸಿ" ಎಂದೆ. "ಯಾಕೆ?" "ನಿಲ್ಸಿ ಅಂದ್ರೆ ನಿಲ್ಸಮ್ಮ!" ಇಪ್ಪತ್ತೆರಡು ವರ್ಷದ ಬ್ರೇಕಮ್ಮನ ಗಂಟಲು ಅದು. ಹಲ್ಲಿನ ಡಾಕ್ಟರು ಕಾರನ್ನು ಅಲ್ಲೇ ರಸ್ತೆ ಪಕ್ಕಕ್ಕೆ ತಂದು ನಿಲ್ಲಿಸಿದಳು.

ಇಳಿದು, ಬಾಗಿಲು ತೆರೆದು, ರಸ್ತೆಯ ಮೇಲೆ ಮಂಡಿಯೂರಿ ಸೀಟಿಗೆ ಕೈ ಹಾಕಿದೆ. ಒತ್ತಿದೆ. ಮೆತ್ತಗಿತ್ತು. ಇನ್ನೂ ಒತ್ತಿದೆ, ಏನೂ ಇಲ್ಲ. ವಾರವಾರ ಅದನ್ನು ಒರೆಸುವಾಗಲೂ ಹೀಗೇ ಮೆತ್ತಗಿರುತ್ತಿತ್ತು. ಆಮೇಲೆ ಮೊಣಕಾಲನ್ನು ಸೀಟಿನ ಮೇಲಿಟ್ಟು, ಮೈಭಾರವನ್ನೆಲ್ಲ ಹಾಕಿ, ಇನ್ನೊಂದು ಕೈಯನ್ನು ಒರಗುವ ಜಾಗದ ಕೆಳಗೆ ಇಟ್ಟೆ. ಆಗ ಸಿಕ್ಕಿತು. ಒಳಗಿನ ಚೌಕಟ್ಟಿನ ಬೆಸುಗೆ ಬಿಟ್ಟು ಹೋಗಿ, ಬೆರಳು ದಪ್ಪದ ಸಲಾಕೆಯೊಂದು ತುಂಡಾಗಿತ್ತು. ಯಾರೂ ಕೂರದಿದ್ದರೆ ಅದು ಸ್ಪಂಜಿನೊಳಗೆ ತಣ್ಣಗೆ ಮಲಗಿರುತ್ತದೆ. ಯಾರಾದರೂ ಕೂತು ಒರಗಿದರೆ ಎದ್ದು ನಿಲ್ಲುತ್ತದೆ, ನೆಟ್ಟಗೆ ಬೆನ್ನಿಗೆ.

ನಾಲ್ಕು ವರ್ಷ. ವರ್ಷಕ್ಕೆ ಐವತ್ತೆರಡು ಭಾನುವಾರ. ಆ ಹೆಂಗಸು ಎಕ್ಸ್‌ರೇ ನೋಡಿ ಬೈದಿದ್ದು ಕಾರನ್ನು, ನಾನು ಸಿಟ್ಟಾಗಿದ್ದು ಅವಳ ಮೇಲೆ. ತಂಗಿ ಸೊಂಟ ಹಿಡಿದುಕೊಂಡು ಇಳಿದಳು, ಅವಳ ಮೇಲೂ ಸಿಟ್ಟಾದೆ. ಹಗಲೆಲ್ಲ ಪಕ್ಕದ ಸೀಟಿನಲ್ಲೇ ಬದುಕುವವಳು, ಪಕ್ಕದ ಸೀಟು ಎಂದರೆ ಏನೆಂದು ಲೋಕಕ್ಕೆಲ್ಲ ಹೇಳಿಕೊಡುವವಳು, ನನ್ನ ಮನೆಯ ಕಾರಿನಲ್ಲಿ ಆ ಸೀಟಿಗೆ ಒಂದು ಸಲ ಕುಂಡಿ ಊರಿದ್ದರೆ ಮೊದಲ ವಾರವೇ ಗೊತ್ತಾಗುತ್ತಿತ್ತು. ಥೂ ನನ್ನ ಜನ್ಮಕ್ಕಿಷ್ಟು!

ಡಾಕ್ಟರು ಬಂದು ಬಗ್ಗಿ ನೋಡಿದಳು. "ಓ, ಇದಾ? ಪರವಾಗಿಲ್ಲ ಬಿಡಿ ಆಂಟಿ. ಆ ಸೀಟಲ್ಲಿ ಯಾರು ಕೂರ್ತಾರೆ? ಓಡಿಸೋದು ನಾನೊಬ್ಬಳೇ ತಾನೇ. ನನ್ನ ಸೀಟು ಸೂಪರ್ ಇದೆ."

ಕಪಾಳಕ್ಕೆ ಹೊಡೆದಂತಾಯಿತು. ಆ ಹುಡುಗಿಯ ತಪ್ಪಲ್ಲ. ಅವಳು ಪಾಪ ಇದ್ದದ್ದನ್ನೇ ಹೇಳಿದಳು. ನಾನು ಬಾಯಿ ಬಿಟ್ಟು ಹೇಳದೆ ನಾಲ್ಕು ವರ್ಷ ನಡೆಸಿದ್ದೂ ಅದೇ ತಾನೇ?

"ಕಾರು ಕೊಡಲ್ಲ" ಎಂದೆ.

"ಏನು?"

"ಕೊಡೋದಿಲ್ಲ. ತಪ್ಪಾಯ್ತು. ಕೀ ಕೊಡಿ, ನಾನು ಓಡಿಸ್ತೀನಿ."

"ಒಂದು ಗಂಟೆ ಬಸ್ಸಲ್ಲಿ ನಿಂತ್ಕೊಂಡು ಬಂದಿದೀನಿ ನಾನು! ಭಾನುವಾರ ಒಂದೇ ರಜಾ ನನಗೆ. ತಮಾಷೆ ಮಾಡ್ತಿದೀರಾ?" ಅವಳ ಮುಖ ಕೆಂಪಾಯಿತು. ಬಸ್ ನಿಲ್ದಾಣಕ್ಕೆ ಬಿಡುತ್ತೇನೆ ಎಂದರೆ ಬೇಡವೆಂದು, ಬಾಟಲಿ ಎತ್ತಿಕೊಂಡು, ಬಿಳಿ ಷೂ ಪಟಪಟ ಎನ್ನಿಸುತ್ತ ನಡೆದೇ ಹೋದಳು. ನೂರು ಹೆಜ್ಜೆ ಹೋಗಿ ಒಂದು ಸಲ ತಿರುಗಿ ನೋಡಿದಳು. ನನ್ನನ್ನಲ್ಲ, ಕಾರನ್ನು. ಆ ನೋಟ ನನಗೆ ಅರ್ಥವಾಯಿತು, ಇನ್ನಷ್ಟು ಪಾಪ ಅನ್ನಿಸಿತು.

ನಾನು ಒಬ್ಬಳೇ ವಾಪಸ್ಸು ಬಂದಾಗ ನಮ್ಮವರು ಅಂಗಳದ ಕಟ್ಟೆಯ ಮೇಲೆ ಕೂತಿದ್ದರು. ಕಾರಿನ ಸದ್ದು ಕೇಳಿ ಎದ್ದರು. ಎದ್ದದ್ದು ಎಂದರೆ ಮೂರು ಕಂತಿನಲ್ಲಿ. ಮೊದಲು ಕೈ, ಆಮೇಲೆ ಸೊಂಟ, ಕೊನೆಗೆ ಕಾಲು.

"ಬೇಡ ಅಂದ್ಲಾ?" ಎಂದು ಕೇಳಿದರು.

"ಅವಳು ಬೇಕು ಅಂದ್ಲು. ನಾನೇ ಕೊಡಲ್ಲ ಅಂದೆ."

ಮದುವೆಯಾಗಿ ಇಪ್ಪತ್ತನಾಲ್ಕು ವರ್ಷದಲ್ಲಿ ಅವರು ನನ್ನ ಮೇಲೆ ದನಿ ಏರಿಸಿದ್ದು ಅದೇ ಮೊದಲು. "ಮಾತು ಕೊಟ್ಟಿದ್ದೆ ನೀನು. ನಾನೇನು ಬಾಯಿ ಬಿಟ್ಟು ಕೇಳೋನಲ್ಲ ಅಂತ ನಿನಗೂ ಗೊತ್ತು. ಒಂದು ಸಲ ಕೇಳಿದೆ. ಒಂದೇ ಒಂದು ಸಲ!" ಅಷ್ಟು ಹೇಳುವುದರಲ್ಲಿ ಬೆನ್ನು ಹಿಡಿದುಕೊಂಡಿತು, ಗೋಡೆಗೆ ಕೈ ಕೊಟ್ಟು ನಿಂತರು.

"ಆ ಸೀಟಲ್ಲಿ ಕೂತೆ ಇವತ್ತು" ಎಂದೆ.

ಅವರು ತಲೆ ಎತ್ತಿ ಕಾರಿನ ಕಡೆ ನೋಡಿದರು.

"ಒಳಗೆ ಸಲಾಕೆ ಮುರಿದಿದೆ ರೀ. ಒಂದು ಉಬ್ಬು, ಒಂದು ಗುಂಡಿಗೇ ನನ್ನ ಪ್ರಾಣ ಹೋಯ್ತು. ನಾಲ್ಕು ವರ್ಷ ಹೇಗ್ರೀ ಕೂತ್ರಿ? ಬಾಯಿ ಇರಲಿಲ್ವಾ? ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ ದಾಡಿ?" ನನಗೆ ಅಳು ಬರುವುದು ಸಿಟ್ಟಿನ ವೇಷದಲ್ಲೇ. ಅದು ನಮ್ಮಿಬ್ಬರಿಗೂ ಗೊತ್ತು.

"ಹೇಳಿದ್ದೆ."

"ಯಾವಾಗ?"

"ತಂದ ಮೊದಲನೇ ವಾರ. ಏನೋ ಚುಚ್ಚುತ್ತೆ ಅಂದೆ. ಕೂರೋಕೆ ಬರದೇ ಇರೋರಿಗೆ ಎಲ್ಲಾ ಚುಚ್ಚುತ್ತೆ ಅಂದೆ ನೀನು."

ನೆನಪಿಗೆ ಬರಲಿಲ್ಲ. ಆದರೆ ಅದು ನನ್ನದೇ ಮಾತು, ನನ್ನದೇ ಧಾಟಿ. ಕಲಿಯುವವರಿಗೆ ದಿನಕ್ಕೆ ಹತ್ತು ಸಲ ಹೇಳುತ್ತೇನೆ. "ಸರಿ, ನಾನು ಕತ್ತೆ. ಹಾಗಾದ್ರೆ ಯಾಕೆ ಬರ್ತಿದ್ರಿ? ಪ್ರತಿ ಭಾನುವಾರ ದಿಂಬು ಹಿಡ್ಕೊಂಡು ಯಾಕೆ ಬಂದು ಕೂರ್ತಿದ್ರಿ? ನಾನೇನು ಕುತ್ತಿಗೆ ಹಿಡಿದು ಎಳ್ಕೊಂಡು ಹೋಗ್ತಿದ್ನಾ?" ಎಂದೆ.

ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಒರೆಸುವಂಥ ಧೂಳೇನೂ ಇರಲಿಲ್ಲ.

"ನೀನು ಮಾತಾಡೋದು ಆ ಕಾರಲ್ಲಿ ಮಾತ್ರ ಕಣೇ" ಎಂದರು. "ಮನೇಲಿ ನಿನ್ನ ಬಾಯಿಂದ ಎರಡು ಮಾತು ಬರಲ್ಲ. ಸುಸ್ತಾಗಿರ್ತೀಯ, ನಾನು ಕೇಳಲ್ಲ. ಆ ರಸ್ತೆಗೆ ಹೋದ್ರೆ ಶುರು ಮಾಡ್ತೀಯ. ಆ ಬ್ಯಾಂಕಿನವನು ಕಸದ ಗಾಡಿಗೆ ಗುದ್ದಿದ್ದು, ಆ ಅತ್ತೆ ಸೊಸೆ ಒಟ್ಟಿಗೇ ಕಲಿಯೋಕೆ ಬಂದಿದ್ದು. ನಗ್ತೀಯ, ಸ್ಟಿಯರಿಂಗಿಗೆ ಕೈಯಲ್ಲಿ ಹೊಡೀತೀಯ. ವಾರಕ್ಕೆ ಒಂದು ಗಂಟೆ. ಇನ್ನೆಲ್ಲಿಗೆ ಹೋಗ್ಲಿ ನಾನು?"

ನಾಲ್ಕು ವರ್ಷ ಅವರು ಕಾರಿಗಾಗಿ ಬರುತ್ತಿದ್ದಾರೆ ಎಂದುಕೊಂಡಿದ್ದೆ. ನನ್ನ ಓಡಿಸುವಿಕೆ ನೋಡಲು ಬರುತ್ತಿದ್ದಾರೆ ಎಂದೂ ಒಳಗೊಳಗೇ ಬೀಗಿದ್ದೆ, ಸುಳ್ಳೇಕೆ. ಅವರನ್ನು ಕಟ್ಟೆಯ ಮೇಲೆ ಕೂರಿಸಿ ಪಕ್ಕದಲ್ಲಿ ಕೂತೆ. ಕಾರಿನ ಬಾಗಿಲು ಮುಚ್ಚಲೂ ಮರೆತಿದ್ದೆ.

ಸೋಮವಾರ ಶಾಲೆಗೆ ರಜಾ ಹಾಕಿ ಹ್ಞೂಂಕಾರನ ಗ್ಯಾರೇಜಿಗೆ ಹೋದೆ. ಸೀಟನ್ನು ಕಿತ್ತು, ಬಟ್ಟೆ ಹರಿದು, ಸ್ಪಂಜು ಬಿಡಿಸಿ, ಆ ಸಲಾಕೆಯನ್ನು ಹೊರಗೆ ತೆಗೆದವನು ಅದನ್ನು ಬೆಳಕಿಗೆ ಹಿಡಿದ. ಒಂದು ತುದಿ ಉಜ್ಜಿ ಉಜ್ಜಿ ಹೊಳೆಯುತ್ತಿತ್ತು. "ಇದರ ಮೇಲೆ ಮನುಷ್ಯ ಕೂರ್ತಿದ್ನಾ?" ಎಂದ. ಅವನ ಬಾಯಿಂದ ಇಷ್ಟು ದೊಡ್ಡ ಮಾತು ನಾನು ಕೇಳಿದ್ದು ಅದೇ ಮೊದಲು. ನಾನು "ಹ್ಞೂಂ" ಎಂದೆ. ಅವನು ಹೊಸ ಸಲಾಕೆ ಬೆಸೆದ, ಸೋಫಾ ಹೊಲಿಯುವವನಿಂದ ಗಟ್ಟಿ ಸ್ಪಂಜು ತರಿಸಿ ತುಂಬಿದ. ಎಲ್ಲ ಮುಗಿದ ಮೇಲೆ, ನಾನು ಅವನನ್ನೇ ಸ್ಟಿಯರಿಂಗಿಗೆ ಕೂರಿಸಿ, ಪಕ್ಕದ ಸೀಟಿನಲ್ಲಿ ನಾನು ಕೂತು, ಊರಿನ ಎಲ್ಲ ಉಬ್ಬುಗಳ ಮೇಲೆ ಓಡಿಸುವಂತೆ ಮಾಡಿದೆ. ಎಲ್ಲೂ ಚುಚ್ಚಲಿಲ್ಲ.

ಸೀಟು ಸರಿಯಾಯಿತು, ಬೆನ್ನು ಸರಿಯಾಗಬೇಡವೇ? ಬೆನ್ನು ಬೆಸುಗೆ ಹಾಕುವಂಥದ್ದಲ್ಲ. ಫಿಸಿಯೋ ಎರಡು ತಿಂಗಳು ಕಾರಿನ ಹೆಸರೆತ್ತಬೇಡಿ ಎಂದಳು. ಎರಡು ತಿಂಗಳಾದ ಮೇಲೆ ನನ್ನ ಮುಖ ನೋಡಿ, "ಹೋಗಿ ಬರೋದು ಎಲ್ಲಾ ಸೇರಿ ಹದಿನೈದು ನಿಮಿಷ. ಹದಿನಾರಾದ್ರೆ ನನ್ನ ಹತ್ರ ಬರಬೇಡಿ" ಎಂದಳು. ಮನೆಯಿಂದ ಆ ಹೊಸ ರಸ್ತೆಗೆ ಹೋಗಲೇ ಒಂಬತ್ತು ನಿಮಿಷ ಬೇಕು. ಹೇಗೆ ಕೂಡಿದರೂ ಕಳೆದರೂ ರಸ್ತೆ ಸಿಗುವುದಿಲ್ಲ. ಏಳು ನಿಮಿಷ ಹೋಗಿ, ಪೆಟ್ರೋಲ್ ಬಂಕಿನ ಎದುರು ತಿರುಗಿಸಿಕೊಂಡು ಬರಬೇಕು. ಬಂಕಿನವರೆಗೂ ಬರೀ ಸಿಗ್ನಲ್ಲು, ಉಬ್ಬು, ಬಸ್ಸು. ಮೂರನೇ ಗೇರು ಹಾಕುವಷ್ಟು ಜಾಗವಿಲ್ಲ. ಅಂಥ ಎಂಜಿನ್ನನ್ನು ಅಷ್ಟಕ್ಕೆ ಎಬ್ಬಿಸಿ ಮಲಗಿಸುವುದೆಂದರೆ ನನ್ನ ಕರುಳೇ ಹಿಂಡಿದಂತೆ.

ಆದರೂ ಮೂರು ಭಾನುವಾರ ಹಾಗೇ ಹೋದೆವು. ಗಡಿಯಾರ ನೋಡುವುದು ಅವರ ಕೆಲಸ. ಏಳಾದ ಕೂಡಲೇ "ಸಾಕು" ಎನ್ನುತ್ತಿದ್ದರು, ನಾನು ಬೈದುಕೊಳ್ಳುತ್ತ ತಿರುಗಿಸುತ್ತಿದ್ದೆ.

ನಾಲ್ಕನೇ ಭಾನುವಾರ ಅವರು "ಸಾಕು" ಎನ್ನಲಿಲ್ಲ. ನಾನು ಹೊಸದಾಗಿ ಸೇರಿದ ಅಜ್ಜನೊಬ್ಬರ ಕಥೆ ಹೇಳುತ್ತಿದ್ದೆ. ಎಪ್ಪತ್ತು ದಾಟಿದವರು, ಪ್ರತಿ ಸಲ ಗೇರು ಬದಲಾಯಿಸುವ ಮೊದಲು ನನ್ನನ್ನು "ಅಪ್ಪಣೆಯಾ?" ಎಂದು ಕೇಳುತ್ತಾರೆ. ಹೇಳುತ್ತ ಹೇಳುತ್ತ ಬಂಕು ದಾಟಿದ್ದು ಗೊತ್ತಾಗಲಿಲ್ಲ. ನೀರಿನ ಕಟ್ಟಡ ದಾಟಿತು, ಎದುರಿಗೆ ಆ ರಸ್ತೆ ಬಿಚ್ಚಿಕೊಂಡಿತು. ಒಂದು ನರಪಿಳ್ಳೆ ಇಲ್ಲ, ಪೂರ್ತಿ ಖಾಲಿ. ಕಾಲು ತಾನಾಗಿಯೇ ಒತ್ತಿತು, ಮೂರನೇ ಗೇರು ಬೆಣ್ಣೆಯ ಹಾಗೆ ಬಿತ್ತು, ಎಂಜಿನ್ನು ಗಂಟಲು ಸರಿಮಾಡಿಕೊಂಡಿತು. ತಿಂಗಳುಗಟ್ಟಲೆ ಉಸಿರು ಕಟ್ಟಿದ್ದವಳಿಗೆ ಉಸಿರು ಬಂದಂತೆ ನಾನು ಜೋರಾಗಿ ನಕ್ಕೆ. ಏರು ಬಂತು. ಎರಡು ತಿರುವುಗಳು ಇನ್ನೇನು ಬರಬೇಕು.

ಆಗ ಪಕ್ಕಕ್ಕೆ ನೋಡಿದೆ. ಓಡಿಸುವಾಗ ನಾನು ಪಕ್ಕಕ್ಕೆ ನೋಡುವವಳಲ್ಲ, ಅದು ನನ್ನ ಮೊದಲ ಪಾಠ. ಅವರು ನಗುತ್ತಿದ್ದರು. ಬಾಗಿಲ ಹಿಡಿಕೆಯನ್ನು ಹಿಡಿದ ಕೈಯ ಗೆಣ್ಣುಗಳು ಮಾತ್ರ ಬೆಳ್ಳಗಾಗಿದ್ದವು.

"ಎಷ್ಟಾಯ್ತು?" ಎಂದೆ.

"ಇನ್ನೂ ಆಗಿಲ್ಲ. ಹೋಗು, ಹೋಗು. ತಿರುವು ಬಂತು."

"ಗಡಿಯಾರ ತೋರ್ಸಿ."

"ಆಗಿಲ್ಲ ಅಂದ್ನಲ್ಲ. ಹೋಗೇ."

ಹಣೆಯಲ್ಲಿ ಬೆವರು. ನಾಲ್ಕು ವರ್ಷವೂ ಈ ಕೈ ಹೀಗೇ ಹಿಡಿದುಕೊಂಡಿತ್ತು, ಈ ಮುಖ ಹೀಗೇ ನಗುತ್ತಿತ್ತು, ನಾನು ತಿರುವು ನೋಡುತ್ತಿದ್ದೆ. "ಸುಳ್ಳು ಹೇಳ್ತೀರಾ ನನ್ನ ಹತ್ರ? ಈ ವಯಸ್ಸಲ್ಲಿ? ನಾಚಿಕೆ ಆಗಲ್ವಾ ನಿಮಗೆ!" ಎಂದು ಕೂಗಿದೆ. ಎದುರಿಗೆ ಕೈಚಾಚಿದರೆ ಸಿಗುವಷ್ಟು ಹತ್ತಿರ ಆ ಹಾಳಾದ, ಚಿನ್ನದಂಥ ತಿರುವು. ಮೆತ್ತಗೆ, ಒಂದು ಚೂರೂ ಕುಲುಕದಂತೆ ಬ್ರೇಕು ಒತ್ತಿ, ಕಾರು ತಿರುಗಿಸಿದೆ.

ಏರು ಇಳಿಯುವಾಗ ಎರಡನೇ ಗೇರಿಗೆ ಬಂದೆ. ಮುಳ್ಳು ಇಪ್ಪತ್ತಕ್ಕೆ ನಿಂತಿತು. ಖಾಲಿ ರಸ್ತೆಯಲ್ಲಿ, ಅಂಥ ಎಂಜಿನ್ನಿನಲ್ಲಿ, ಇಪ್ಪತ್ತು! ಹಿಂದಿನಿಂದ ತರಕಾರಿ ಬುಟ್ಟಿ ಕಟ್ಟಿಕೊಂಡ ಸೈಕಲ್ಲಿನವನೊಬ್ಬ ಗಂಟೆ ಬಾರಿಸಿ ನಮ್ಮನ್ನು ದಾಟಿದ. ದಾಟುವಾಗ ಬಗ್ಗಿ ಒಳಗೆ ನೋಡಿ, ನನ್ನನ್ನು ಗುರುತು ಹಿಡಿದು ನಕ್ಕ. ಶಾಲೆಯ ಎದುರಿನ ಗೂಡಂಗಡಿಯವನು. ನಾಳೆ ಇಡೀ ಶಾಲೆಗೆ ಸುದ್ದಿ. ನನಗೆ ಮೈಯೆಲ್ಲ ಉರಿದುಹೋಯಿತು. ಅವನಿಗೆ ಬೈದೆ, ಬೆನ್ನಿಗೆ ಬೈದೆ, ಫಿಸಿಯೋಗೆ ಬೈದೆ, ನಮ್ಮವರಿಗಂತೂ ಬಂಕು ಬರುವವರೆಗೂ ಬೈದೆ.

ಅವರು ಹಿಡಿಕೆ ಬಿಟ್ಟರು. ಸೀಟಿಗೆ ನಿಧಾನವಾಗಿ ಒರಗಿ, ನನ್ನ ಬೈಗುಳ ಮುಗಿಯುವವರೆಗೂ ಕಾದರು.

"ಹೂಂ, ಆಮೇಲೆ?" ಎಂದರು. "ಆ ಅಜ್ಜ ಅಪ್ಪಣೆ ಕೇಳಿದ್ರು. ನೀನು ಏನಂದೆ?"

ಬೈದು ಬೈದು ಗಂಟಲು ಮರಳು ಕಾಗದವಾಗಿತ್ತು. ಆದರೂ ಹೇಳತೊಡಗಿದೆ.